ಜಗಳೂರಿನ ಗಾಳಿ, ಗೋವಿನಕೋವಿಯ ಕುರಿ

ಒಲೆಯ ಮೇಲೆ ಹಂಚು ಕಾದಿತ್ತು. ಅಜ್ಜಮ್ಮ ಮೊದಲ ರೊಟ್ಟಿ ತಟ್ಟಿ ಹಂಚಿಗೆ ಹಾಕುವಷ್ಟರಲ್ಲಿ ಗಾಳಿ ಬಂತು. ಹೇಳಿ ಕೇಳಿ ಬರುವ ಗಾಳಿಯಲ್ಲ ಅದು. ಬಿಡಾರದ ಟಾರ್ಪಾಲನ್ನು ಗೂಟದ ಸಮೇತ ಕಿತ್ತುಕೊಂಡಿತು, ಒಲೆಯ ಬೂದಿಯನ್ನು ಹಿಟ್ಟಿನ ಬೋಗುಣಿಗೆ ಸುರಿಯಿತು, ಕುರಿಮರಿಗಳ ಸುತ್ತ ನಿಲ್ಲಿಸಿದ್ದ ಬಿದಿರಿನ ತಟ್ಟಿಯನ್ನು ಮಕಾಡೆ ಮಲಗಿಸಿತು. ಅಜ್ಜಮ್ಮ ಹಿಟ್ಟಿನ ಕೈಯಲ್ಲೇ ಟಾರ್ಪಾಲಿನ ಹಿಂದೆ ಓಡಿದಳು. ಅದು ಬಯಲು ದಾಟಿ, ಪಡುವಲ ದಿಕ್ಕಿನ ಮುಳ್ಳುಬೇಲಿಗೆ ಸಿಕ್ಕಿಕೊಂಡು ಪಟಪಟ ಬಡಿದುಕೊಳ್ಳುತ್ತಿತ್ತು.

ಅದನ್ನು ಬಿಡಿಸಿಕೊಂಡು ಬರುವ ಹೊತ್ತಿಗೆ ಗಾಳಿ ತನಗೇನೂ ಗೊತ್ತೇ ಇಲ್ಲ ಅನ್ನುವ ಹಾಗೆ ಸುಮ್ಮನಾಗಿತ್ತು. ಗಂಡ ಮರುಳಸಿದ್ದಪ್ಪ ಮಾತ್ರ ಸುಮ್ಮನಿರಲಿಲ್ಲ.

"ಏನಲೇ ಸಿದ್ದು, ಬೆಳಿಗ್ಗೆ ಫೋನ್ ನೋಡಿ ಗಾಳಿ ಹನ್ನೆರಡು ಕಿಲೋಮೀಟರು ಅಂದ್ಯಲ್ಲ. ಹನ್ನೆರಡು ಕಿಲೋಮೀಟರಿಗೆ ನನ್ನ ತಲೆ ಮೇಲಿನ ಟವೆಲ್ಲೂ ಅಲ್ಲಾಡಂಗಿಲ್ಲ. ಇಲ್ಲಿ ಬಿಡಾರನೇ ಎದ್ದು ಹೋತು. ಆ ಫೋನನ್ನ ತಗಂಡು ಹೋಗಿ ನಾಲೆಗೆ ಹಾಕು."

ಮಗ ಸಿದ್ದು ಫೋನನ್ನು ಜೇಬಿಗೆ ಸೇರಿಸಿದ. ಅಪ್ಪನ ಎದುರು ಮಾತಾಡುವ ಹುಡುಗನಲ್ಲ ಅವನು, ಫೋನನ್ನು ನಾಲೆಗೆ ಹಾಕುವ ಹುಡುಗನಂತೂ ಮೊದಲೇ ಅಲ್ಲ.

ಇವರ ಊರು ಇರುವುದು ಜಗಳೂರಿನ ಹತ್ತಿರ. ಅದು ಒಣ ಸೀಮೆ. ಬೇಸಿಗೆ ಬಂತೆಂದರೆ ಅಲ್ಲಿ ಕುರಿಗೆ ಮೇವಿಲ್ಲ, ನೀರಿಲ್ಲ. ಆಗ ಮರುಳಸಿದ್ದಪ್ಪನ ಮನೆಯವರು ಮಂದೆ ಹೊಡೆದುಕೊಂಡು ಹೊನ್ನಾಳಿ, ನ್ಯಾಮತಿ ಕಡೆಯ ನೀರಾವರಿ ಬಯಲಿಗೆ ಬರುತ್ತಾರೆ. ಕೊಯ್ಲಾದ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಕುರಿ ಮೇಯುತ್ತದೆ, ಹೊಲಕ್ಕೆ ಹಿಕ್ಕೆ ಬೀಳುತ್ತದೆ. ದಿನಕ್ಕೊಂದು ಪಟ್ಟಿಯಂತೆ ಬಲೆ ಕಟ್ಟಿದ ಕುರಿಹಟ್ಟಿಯನ್ನು ಎತ್ತಿ ಮುಂದಕ್ಕೆ ಹಾಕುತ್ತಾ ಹೋದರೆ ಇಡೀ ಹೊಲಕ್ಕೆ ಗೊಬ್ಬರವಾಯಿತು. ಈ ವರ್ಷ ಅವರು ಗೋವಿನಕೋವಿಯ ತಿಪ್ಪೇಶಪ್ಪನವರ ಹೊಲದಲ್ಲಿದ್ದರು. ಯಾವ ದಿನ ಯಾವ ಪಟ್ಟಿಯಲ್ಲಿ ಕುರಿ ಮಲಗಬೇಕು ಅಂತ ಮರುಳಸಿದ್ದಪ್ಪ ಮೊದಲೇ ಮಾತು ಕೊಟ್ಟಿದ್ದ. ಕೊಟ್ಟ ಮಾತು ತಪ್ಪಿದವನಲ್ಲ ಅನ್ನುವುದು ಅವನ ಹೆಮ್ಮೆ, ಅದು ಸುಳ್ಳೂ ಅಲ್ಲ.

ಅವರ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ದೊಡ್ಡ ಕುರಿ ಗಂಡಸರ ಉಸ್ತುವಾರಿ, ಹಾಲು ಬಿಡದ ಮರಿ ಹೆಂಗಸರ ಉಸ್ತುವಾರಿ. ಮಂದೆ ಮೇಯಲು ಹೋದಾಗ ಮರಿಗಳು ಬಿಡಾರದಲ್ಲಿ ಅಜ್ಜಮ್ಮನ ಹತ್ತಿರ ಉಳಿಯುತ್ತಿದ್ದವು. ಯಾವ ಮರಿ ಯಾವ ತಾಯಿಯದು, ಯಾವುದಕ್ಕೆ ನಿನ್ನೆ ಹೊಟ್ಟೆ ಕೆಟ್ಟಿತ್ತು, ಯಾವುದು ಪಕ್ಕದ ಮರಿಯ ತಾಯಿಯ ಹಾಲು ಕದ್ದು ಕುಡಿಯುತ್ತದೆ, ಎಲ್ಲ ಅವಳಿಗೆ ಗೊತ್ತು. ಹೋದ ವರ್ಷ ಸಾಸ್ವೆಹಳ್ಳಿ ಬಯಲಿನಲ್ಲಿ ಇದೇ ಭರಣಿ ಮಳೆಯ ಹೊತ್ತಿನ ಗಾಳಿಗೆ ಮರಿಗಳು ಬೆದರಿ ಬಲೆಯ ಮೂಲೆಗೆ ನುಗ್ಗಿ, ಒಂದರ ಮೇಲೊಂದು ಬಿದ್ದು, ಅಡಿಗೆ ಸಿಕ್ಕವು ಉಸಿರುಗಟ್ಟಿ ಸತ್ತಿದ್ದವು. ಗುಂಡಿ ತೋಡಿದ್ದು ಸಿದ್ದು. ಒಂದೊಂದನ್ನೇ ಎತ್ತಿ ಕೊಟ್ಟವಳು ಅಜ್ಜಮ್ಮ. "ಹಣೆಬರಹ" ಅಂದುಬಿಟ್ಟಿದ್ದ ಮರುಳಸಿದ್ದಪ್ಪ. ಅಜ್ಜಮ್ಮನಿಗೆ ಆ ಮಾತು ಗಂಟಲಲ್ಲಿ ಇಳಿದಿರಲಿಲ್ಲ. ಈ ವರ್ಷ ಮತ್ತೆ ಬಿಡಾರದ ತುಂಬ ಮರಿ. ಗಾಳಿ ಬೀಸಿದಾಗಲೆಲ್ಲ ಅವಳು ತಟ್ಟಿಯ ಹತ್ತಿರ ಹೋಗಿ ಮರಿ ಎಣಿಸುತ್ತಿದ್ದಳು.

ಟಾರ್ಪಾಲು ಹಾರಿದ ಆ ಸಂಜೆ ಮಜ್ಜಿಗೆಯ ತಂಬಿಗೆ ಹಿಡಿದುಕೊಂಡು ರಕ್ಷಾ ಬಂದಳು. ತಿಪ್ಪೇಶಪ್ಪನವರ ಸೊಸೆ ಅವಳು. ಊರಿನ ಸ್ವಸಹಾಯ ಸಂಘದಿಂದ ಆಯ್ಕೆಯಾಗಿ, ತರಬೇತಿ ಪಡೆದು, ರೈತರಿಗೆ ಸಲಹೆ ಕೊಡುವ ಕೃಷಿ ಸಖಿಯಾಗಿ ಕೆಲಸ ಮಾಡುವ ಹೆಣ್ಣುಮಗಳು. ಯಾರ ಹೊಲಕ್ಕೆ ಹೋದರೂ ಮೊದಲು ಕೇಳುವುದು "ಔಷಧಿ ಹೊಡೆಯಾಕೆ ಮುಂಚೆ ಗಾಳಿ ನೋಡಿದ್ರಾ" ಅಂತ. ಊರವರು ಅವಳಿಗೆ ಗಾಳಿ ರಕ್ಷಮ್ಮ ಅಂತ ಹೆಸರಿಟ್ಟು ನಕ್ಕಿದ್ದರು. ಈಗ ಆ ಹೆಸರಿನಿಂದಲೇ ಕರೆಯುತ್ತಾರೆ, ಆದರೆ ನಗುವುದಿಲ್ಲ.

"ದೊಡ್ಡಪ್ಪ, ಭಾರೀ ಸಿಟ್ಟಲ್ಲಿ ಇದ್ದಂಗೆ ಐತೆ" ಅಂದಳು ರಕ್ಷಾ.

"ಸಿಟ್ಟಲ್ಲಮ್ಮ. ಈ ಫೋನು ಹೇಳೋದು ಒಂದು, ಆಗೋದು ಇನ್ನೊಂದು. ನಮ್ಮಪ್ಪ ಮಣ್ಣು ಹಿಡಿದು ತೂರಿ ಗಾಳಿ ಹೇಳ್ತಿದ್ದ. ನಾನೂ ಹೇಳ್ತೀನಿ. ಇದಕ್ಕೇನು ಕರೆನ್ಸಿ ಬೇಕಿಲ್ಲ."

"ಎಲ್ಲಿ, ಸಿದ್ದಣ್ಣ, ನಿನ್ನ ಫೋನ್ ಕೊಡು ಇಲ್ಲಿ."

ಸಿದ್ದು ಕೊಟ್ಟ. ರಕ್ಷಾ ಒಂದು ಸಲ ನೋಡಿದಳು, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಫೋನು ಸುಳ್ಳು ಹೇಳಿಲ್ಲ ದೊಡ್ಡಪ್ಪ. ಜಗಳೂರಿನ ಗಾಳಿ ಹೇಳೈತೆ. ಊರು ಬಿಡೋ ಮುಂಚೆ ಸಿದ್ದಣ್ಣ ಅಲ್ಲಿನ ಹೆಸರು ಒತ್ತಿ ಇಟ್ಟಾನೆ. ನೀವು ಗೋವಿನಕೋವಿಗೆ ಬಂದ್ರಿ, ಅದು ಅಲ್ಲೇ ಉಳೀತು."

ಅಜ್ಜಮ್ಮನಿಗೆ ನಗು ಬಂತು. ಇಷ್ಟು ದಿನ ಅವರು ಇಲ್ಲಿ ಹೊಳೆಯ ದಂಡೆಯಲ್ಲಿ ಕೂತು ತಮ್ಮೂರ ಗುಡ್ಡದ ಮಗ್ಗುಲಿನ ಗಾಳಿಯನ್ನು ನೋಡಿಕೊಂಡು ಗೂಟ ಹೊಡೆಯುತ್ತಿದ್ದರು.

"ಅಲ್ಲಿಗೂ ಇಲ್ಲಿಗೂ ಗಾಳಿ ಬೇರೆ ಇರ್ತೈತಾ? ಎಲ್ಲಾ ಒಂದೇ ಆಕಾಶ ಅಲ್ಲೇನಮ್ಮ" ಅಂದ ಮರುಳಸಿದ್ದಪ್ಪ.

"ನಿಮ್ಮೂರಲ್ಲಿ ಮಳೆ ಬಂದಾಗ ಇಲ್ಲಿ ಬಿಸಿಲು ಇರಲ್ವಾ ದೊಡ್ಡಪ್ಪ? ಗಾಳಿನೂ ಹಂಗೆ. ಅದರಲ್ಲೂ ಯುಗಾದಿ ಆದಮೇಲೆ ಸಂಜೆ ಗುಡುಗು ಮಳೆ ಬರ್ತಾವಲ್ಲ, ಅವು ಒಂದು ಊರಿಗೆ ಹೊಡೆದು ಪಕ್ಕದ ಊರನ್ನ ಬಿಟ್ಟು ಹೋಗ್ತಾವೆ. ಅದಕ್ಕೆ ಮಲಗೋ ಜಾಗದ ಗಾಳಿ ನೋಡ್ಬೇಕು, ಮನೆ ಇರೋ ಜಾಗದ್ದಲ್ಲ." ರಕ್ಷಾ ಊರಿನ ಹೆಸರು ಬದಲಾಯಿಸಿ ಫೋನನ್ನು ಅಜ್ಜಮ್ಮನ ಮುಂದೆ ಹಿಡಿದಳು. "ನೋಡ್ರಿ ದೊಡ್ಡಮ್ಮ, ಎರಡು ಅಂಕಿ ಅವೆ. ಮೇಲಿನದು ಗಾಳಿಯ ವೇಗ. ಕೆಳಗಿನದು ಗಾಳಿಯ ಹೊಡೆತ. ಎಲ್ಲರೂ ಮೇಲಿನದು ಓದಿ ಫೋನ್ ಜೇಬಿಗೆ ಹಾಕ್ತಾರೆ. ಟಾರ್ಪಾಲು ಹಾರಿಸೋದು ಕೆಳಗಿನದು."

"ಒಂದೇ ಗಾಳಿಗೆ ಎರಡು ಅಂಕಿ ಯಾಕೆ" ಅಂತ ಕೇಳಿದಳು ಅಜ್ಜಮ್ಮ. ಅವಳು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಕನ್ನಡ ನಿಧಾನವಾಗಿ ಓದುತ್ತಾಳೆ, ಅಂಕಿಯನ್ನು ಬೇಗ ಓದುತ್ತಾಳೆ.

"ವೇಗ ಅಂದ್ರೆ ಒಂದೇ ಸಮ ಬೀಸೋ ಗಾಳಿ, ಸರಾಸರಿ. ಹೊಡೆತ ಅಂದ್ರೆ ನಡುನಡುವೆ ಇದ್ದಕ್ಕಿದ್ದಂಗೆ ನುಗ್ಗೋದು, ಒಂದು ಗಳಿಗೆ ಇದ್ದು ಹೋಗಿಬಿಡೋದು."

ಅಜ್ಜಮ್ಮ ಗಂಡನ ಕಡೆ ತಿರುಗಿದಳು. "ಮಂದೆ ದಿನಾ ಮೆತ್ತಗೆ ನಡ್ಕೊಂಡು ಹೋಗ್ತೈತೆ, ಅಲ್ಲೇನ್ರೀ? ಅದರ ಮಧ್ಯದಾಗೆ ಟಗರು ಬಂದು ಗುದ್ದಿದ್ರೆ? ಮಂದೆ ಮೆತ್ತಗೆ ನಡೀತೈತೆ ಅಂತ ನಾವು ಟಗರಿಗೆ ಬೆನ್ನು ತಿರುಗಿಸಿ ನಿಲ್ತೀವಾ?"

ರಕ್ಷಾ ಕಣ್ಣರಳಿಸಿದಳು. "ದೊಡ್ಡಮ್ಮ, ಸಂಘದ ಸಭೇಲಿ ಇಷ್ಟು ಹೇಳಾಕೆ ನನಗೆ ಅರ್ಧ ದಿನ ಹಿಡೀತೈತೆ. ನೀವೇ ಬಂದು ಹೇಳಿಬಿಡ್ರಿ."

ಮರುಳಸಿದ್ದಪ್ಪನಿಗೆ ಟಗರು ಗೊತ್ತು. ಅವನ ಸೊಂಟಕ್ಕೂ ಗೊತ್ತು.

ರಕ್ಷಾ ಮುಂದುವರಿಸಿದಳು. ಹೊಡೆತ ನಲವತ್ತು ಕಿಲೋಮೀಟರು ದಾಟಿದರೆ ಕೊಡೆ ಹಿಡಿಯಲಾಗದು, ಸಡಿಲ ಕಟ್ಟಿದ ಟಾರ್ಪಾಲು ನಿಲ್ಲದು. ಅರವತ್ತು ದಾಟಿದರೆ ಮರದ ಕೊಂಬೆ ಮುರಿಯಬಹುದು, ಸರಿಯಾಗಿ ಬಿಗಿಯದ ತಗಡು ಏಳಬಹುದು. "ಇನ್ನೊಂದು ನೆನಪಿಟ್ಕೊಳ್ರಿ. ಗಾಳಿ ಎರಡು ಪಟ್ಟು ಜೋರಾದ್ರೆ ಅದರ ನೂಕು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇಪ್ಪತ್ತಕ್ಕೆ ತಡೆದ ಗೂಟ ನಲವತ್ತಕ್ಕೆ ತಡೀತೈತೆ ಅನ್ನೋ ಹಂಗಿಲ್ಲ."

"ಈ ಬಾಣ ಏನು" ಅಂದಳು ಅಜ್ಜಮ್ಮ. ಅಂಕಿಯ ಪಕ್ಕದಲ್ಲಿ ಒಂದು ಸಣ್ಣ ಬಾಣ ಪಡುವಲ ಕಡೆಗೆ ಮುಖ ಮಾಡಿಕೊಂಡಿತ್ತು. ಕೆಳಗೆ ಪೂರ್ವ ಅಂತ ಬರೆದಿತ್ತು.

"ಅಲ್ಲೇ ಎಲ್ಲರೂ ಎಡವೋದು. ಬಾಣದ ತುದಿ ಗಾಳಿ ಹೋಗೋ ಕಡೆ. ಹೆಸರು ಗಾಳಿ ಬರೋ ಕಡೆ. ಪೂರ್ವ ಅಂದ್ರೆ ಪೂರ್ವದಿಂದ ಬರೋ ಗಾಳಿ. ಇವತ್ತು ನಿಮ್ಮ ಟಾರ್ಪಾಲು ಯಾವ ಕಡೆ ಹಾರ್ತು?"

"ಪಡುವಲಿಗೆ. ಬೇಲಿಗೆ ಸಿಕ್ಕಿತ್ತು."

"ಹಂಗಾದ್ರೆ ಮೂಡಗಾಳಿ."

"ಅದೇನು ಹೊಸದಲ್ಲ ಬಿಡು" ಅಂದಳು ಅಜ್ಜಮ್ಮ ಗತ್ತಿನಿಂದ. "ನಾನು ಮದುವೆಯಾಗಿ ಬಂದಾಗ ಅತ್ತೆ ಮನೆ ಕಡೆಯೋರು ನನ್ನನ್ನ ಚನ್ನಗಿರಿಯೋಳು ಅಂತಿದ್ರು. ಬಂದ ಊರಿನ ಹೆಸರು ಹಿಡಿದು ಕರೆಯೋದು ವಾಡಿಕೆ. ಗಾಳಿಗೂ ತವರಿನ ಹೆಸರೇ."

ರಕ್ಷಾ ಹೊರಡುವಾಗ ಇನ್ನೊಂದು ಮಾತು ಹೇಳಿದಳು. ಮುನ್ಸೂಚನೆ ಅಂದರೆ ಅಂದಾಜು, ದೇವರ ವಾಕ್ಯವಲ್ಲ. ಬೆಳಿಗ್ಗೆ ಒಂದು ಸಲ ನೋಡಿ ಮರೆಯುವುದಲ್ಲ, ಮಧ್ಯಾಹ್ನವೂ ನೋಡಬೇಕು. ಫೋನನ್ನೂ ನೋಡಬೇಕು, ಆಕಾಶವನ್ನೂ ನೋಡಬೇಕು. ಮರುಳಸಿದ್ದಪ್ಪ "ಆಕಾಶ ನೋಡಾಕೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ" ಅಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯ ಮನುಷ್ಯ ಅವನು.

ಅಂದಿನಿಂದ ಅಜ್ಜಮ್ಮ ದಿನಾ ಗಾಳಿ ನೋಡತೊಡಗಿದಳು. ಸಿದ್ದು ಕುರಿ ಬಿಡುವ ಮುಂಚೆ ತನ್ನ ಫೋನನ್ನು ತಿಪ್ಪೇಶಪ್ಪನವರ ಮನೆಯಲ್ಲಿ ಚಾರ್ಜಿಗೆ ಇಡುತ್ತಿದ್ದ. ಮಧ್ಯಾಹ್ನ ನೀರಿಗೆ ಹೋದಾಗ ಅವಳು ಅಲ್ಲೇ ಕಟ್ಟೆಯ ಮೇಲೆ ಕೂತು, ಊರಿನ ಹೆಸರು ನೋಡಿ, ಮೇಲಿನ ಅಂಕಿ, ಕೆಳಗಿನ ಅಂಕಿ, ಬರುವ ದಿಕ್ಕು, ಇಷ್ಟನ್ನೂ ಬಾಯಿಬಿಟ್ಟು ಓದುತ್ತಿದ್ದಳು. ಒಂದೆರಡು ದಿನ ಅಂಕಿ ಸಣ್ಣದಿತ್ತು, ಗಾಳಿಯೂ ಸಣ್ಣದಿತ್ತು.

ಆ ವಾರದ ಕೊನೆಗೆ ಒಂದು ಮಧ್ಯಾಹ್ನ ಅವಳು ಓದಿದ್ದು ಹೀಗೆ. ವೇಗ ಹದಿನೈದು. ಹೊಡೆತ ಅರವತ್ತೈದು. ದಿಕ್ಕು ಪೂರ್ವ. ಸಂಜೆ ಗುಡುಗು ಸಹಿತ ಮಳೆ.

"ರಕ್ಷಮ್ಮ, ಇಲ್ಲಿ ಬಾ. ನಾನು ಸರಿಯಾಗಿ ಓದಿದ್ನಾ ನೋಡು."

ರಕ್ಷಾ ನೋಡಿದಳು. ಅವಳ ಮುಖದ ನಗು ಹೋಯಿತು. "ಸರಿಯಾಗೇ ಓದೀರಿ ದೊಡ್ಡಮ್ಮ. ಇವತ್ತು ಹಟ್ಟಿ ಎಲ್ಲಿ?"

"ಪಡುವಲ ಬೇಲಿಗೆ ಒತ್ತಿ. ಅವರು ಈಗಾಗಲೇ ಬಲೆ ಕಟ್ತಾ ಅವ್ರೆ."

ಗಾಳಿಮಳೆ ಹೊಡೆದಾಗ ಕುರಿ ಏನು ಮಾಡುತ್ತದೆ ಅನ್ನುವುದನ್ನು ಯಾವ ಫೋನೂ ಅಜ್ಜಮ್ಮನಿಗೆ ಹೇಳಿಕೊಡಬೇಕಿಲ್ಲ. ಕುರಿ ಗಾಳಿಗೆ ಎದುರು ನಿಲ್ಲುವುದಿಲ್ಲ. ಬಾಲ ತಿರುಗಿಸಿ ಗಾಳಿಯ ಜೊತೆಗೇ ಓಡುತ್ತದೆ. ಮೂಡಲಿಂದ ಗಾಳಿ ಬಂದರೆ ಇಡೀ ಮಂದೆ ಪಡುವಲಿಗೆ ನುಗ್ಗುತ್ತದೆ. ಪಡುವಲಲ್ಲಿ ಮುಳ್ಳುಬೇಲಿ. ಮುಂದಿನವು ಬೇಲಿಗೆ ಸಿಕ್ಕಿ ನಿಲ್ಲುತ್ತವೆ, ಹಿಂದಿನವು ಅವುಗಳ ಮೇಲೆ ಏರುತ್ತವೆ. ಅಡಿಗೆ ಬೀಳುವುದು ಮರಿ. ಸಾಸ್ವೆಹಳ್ಳಿಯಲ್ಲಿ ಆದದ್ದು ಹಣೆಬರಹವಲ್ಲ, ದಿಕ್ಕು ತಪ್ಪಿದ ಹಟ್ಟಿ ಅನ್ನುವುದು ಅವಳಿಗೆ ಆ ಕಟ್ಟೆಯ ಮೇಲೆ ನಿಂತಾಗ ಹೊಳೆಯಿತು. ಸಿಟ್ಟು ಬಂತು. ಅಳುವಷ್ಟು ಹೊತ್ತಿರಲಿಲ್ಲ.

ಮರುಳಸಿದ್ದಪ್ಪ ಬಲೆಯ ಕೊನೆಯ ಗೂಟ ಹೊಡೆಯುತ್ತಿದ್ದ. ಇಬ್ಬರೂ ಹೋಗಿ ವಿಷಯ ಹೇಳಿದರು. ಅವನು ತಲೆಯೆತ್ತಿ ಆಕಾಶ ನೋಡಿದ. ಬಿಸಿಲು ಬೆಂಕಿಯಂತಿತ್ತು, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಮಳೆಗಾಳಿ ಪಡುವಲಿಂದ ಬರ್ತೈತೆ. ಹಟ್ಟಿ ಬೆನ್ನು ಪಡುವಲಿಗೆ ಇರಬೇಕು. ನಮ್ಮಪ್ಪ ಹೇಳಿದ್ದು, ಅವರಪ್ಪ ಹೇಳಿದ್ದು. ಊರಲ್ಲಿ ಇಷ್ಟು ವರ್ಷ ಹಂಗೇ ಕಟ್ಟೀವಿ. ಒಂದು ಮರಿ ಹೋಗಿಲ್ಲ."

"ಊರಲ್ಲಿ ಮೂಡಲಿಗೆ ಏನೈತ್ರೀ" ಅಂತ ಕೇಳಿದಳು ಅಜ್ಜಮ್ಮ.

"ಗುಡ್ಡ ಐತೆ."

"ಇಲ್ಲಿ?"

ಮರುಳಸಿದ್ದಪ್ಪ ಮೂಡಲ ಕಡೆ ನೋಡಿದ. ಬಯಲು, ಅದರಾಚೆ ನಾಲೆಯ ಏರಿ. ಗುಡ್ಡ ಇರಲಿಲ್ಲ. ಆದರೂ ಅವನು ಸೋಲಲಿಲ್ಲ. "ಇವತ್ತಿನ ಪಟ್ಟಿ ಇದೇ ಅಂತ ತಿಪ್ಪೇಶಪ್ಪನವರಿಗೆ ಮಾತು ಕೊಟ್ಟೀನಿ."

ಅಷ್ಟರಲ್ಲಿ ತಿಪ್ಪೇಶಪ್ಪನವರೇ ಬಂದರು. ಸೊಸೆ ಓಡಿದ್ದು ನೋಡಿ ಹಿಂದೆಯೇ ಬಂದಿದ್ದರು. "ಮರುಳಸಿದ್ದಪ್ಪ, ಹಿಕ್ಕೆ ಇವತ್ತು ಬಿದ್ರೂ ಹಿಕ್ಕೆ, ನಾಳೆ ಬಿದ್ರೂ ಹಿಕ್ಕೆ. ನನ್ನ ಹೊಲ ಎಲ್ಲಿಗೂ ಓಡಿಹೋಗಂಗಿಲ್ಲ. ನಾಲೆ ಏರಿ ಬುಡದಾಗೆ ಈ ಕಡೆ ದಿಬ್ಬದ ಜಾಗ ಐತೆ, ನೀರು ನಿಲ್ಲಲ್ಲ. ಅಲ್ಲಿ ಕಟ್ಟು. ಮೂಡಲ ಗಾಳಿಗೆ ಏರಿನೇ ಗೋಡೆ."

"ಆ ಹುಣಸೆ ಮರದ ಕೆಳಗಾದ್ರೂ ಕಟ್ಟಬಹುದಲ್ಲ, ಹತ್ತಿರ" ಅಂದ ಮರುಳಸಿದ್ದಪ್ಪ ಅರೆಮನಸ್ಸಿನಿಂದ.

"ಮರದ ಕೆಳಗೆ ಮಾತ್ರ ಬೇಡ ದೊಡ್ಡಪ್ಪ" ಅಂದಳು ರಕ್ಷಾ. "ಕೊಂಬೆ ಬೀಳ್ತೈತೆ, ಸಿಡಿಲೂ ಬಡೀತೈತೆ."

ಮರುಳಸಿದ್ದಪ್ಪ ಗೂಟದ ಮೇಲೆ ಇನ್ನೊಂದು ಏಟು ಹಾಕಿದ. ಉತ್ತರ ಅಷ್ಟೇ. ಅಜ್ಜಮ್ಮ ಅವನನ್ನು ನೋಡಿದಳು. ಮದುವೆಯಾದಾಗಿನಿಂದ ಹಟ್ಟಿಯ ವಿಷಯದಲ್ಲಿ ಅವಳು ಎದುರು ಮಾತಾಡಿರಲಿಲ್ಲ.

"ಹಟ್ಟಿ ನಿಮ್ಮದು, ಮರಿ ನನ್ನವು" ಅಂದಳು. "ನೀವು ಎಲ್ಲಿ ಬೇಕಾದ್ರೂ ಕಟ್ರಿ. ನನ್ನ ಮರಿ ಇವತ್ತು ಏರಿ ಬುಡದಾಗೆ ಮಲಗ್ತಾವೆ. ಹೋದ ವರ್ಷ ಗುಂಡಿಗೆ ಎತ್ತಿ ಕೊಟ್ಟ ಕೈ ಇದು. ಈ ವರ್ಷ ಕೊಡಂಗಿಲ್ಲ."

ಹೇಳಿ ತಿರುಗಿ ನಡೆದಳು. ರಕ್ಷಾ ಎರಡು ತಟ್ಟಿ ಹೊತ್ತಳು, ತಿಪ್ಪೇಶಪ್ಪನವರು ಎರಡು ಹೊತ್ತರು. ಅಜ್ಜಮ್ಮ ಎಳೆಯ ಮರಿಗಳನ್ನು ಕಂಬಳಿಯ ಜೋಳಿಗೆಯಲ್ಲಿ ಹಾಕಿಕೊಂಡು, ದೊಡ್ಡವನ್ನು ಮುಂದೆ ಬಿಟ್ಟುಕೊಂಡು, ಏರಿಗೂ ಬಿಡಾರಕ್ಕೂ ಎಷ್ಟು ಸಲ ಓಡಾಡಿದಳೋ ಅವಳಿಗೇ ಲೆಕ್ಕವಿಲ್ಲ. ಏರಿಯ ಬುಡದಲ್ಲಿ ತಟ್ಟಿ ನಿಲ್ಲಿಸಿ, ಹೊಸ ಗೂಟಗಳನ್ನು ಮೊಳದುದ್ದ ಇಳಿಯುವಂತೆ ಹೊಡೆದರು. ಟಾರ್ಪಾಲನ್ನು ಎತ್ತರಕ್ಕೆ ಕಟ್ಟದೆ, ಗಾಳಿ ಒಳಗೆ ನುಗ್ಗದ ಹಾಗೆ ತಗ್ಗಿಸಿ ಕಟ್ಟಿದರು. ಹಗುರವಾದ ಪಾತ್ರೆ ಪಡಗ, ಕೊಡ, ಬುಟ್ಟಿಯನ್ನೆಲ್ಲ ಹತ್ತಿರದ ಮೆಕ್ಕೆಜೋಳದ ಗೋದಾಮಿಗೆ ಸೇರಿಸಿದರು. ಇಟ್ಟಿಗೆಯ ಗೋಡೆ, ಆರ್‌ಸಿಸಿ ಚಾವಣಿ. ಗುಡುಗು ಶುರುವಾದರೆ ಮನುಷ್ಯರೆಲ್ಲ ಅದರೊಳಗೆ ಹೋಗಬೇಕು ಅಂತ ರಕ್ಷಾ ಕಟ್ಟಪ್ಪಣೆ ಮಾಡಿದಳು.

ಇಳಿಹೊತ್ತಿಗೆ ಸಿದ್ದು ಹೊಳೆಯ ಕಡೆಯಿಂದ ಮಂದೆ ಹೊಡೆದುಕೊಂಡು ಬಂದ. ಮರುಳಸಿದ್ದಪ್ಪ ಪಡುವಲ ಬೇಲಿಯ ಹತ್ತಿರ ಬಲೆಯ ಬಾಗಿಲು ತೆರೆದು, ಕೋಲು ಹಿಡಿದು ನಿಂತಿದ್ದ. ನಾಲಗೆ ಮಡಚಿ ಮಂದೆಯನ್ನು ಕರೆದ. ಅವನು ಕರೆದರೆ ಬರದ ಕುರಿ ಇಲ್ಲ.

ಅದೇ ಹೊತ್ತಿಗೆ ಏರಿಯ ಬುಡದಿಂದ ಮರಿಗಳು ಕೂಗಿದವು.

ದಿನವಿಡೀ ಕೆಚ್ಚಲು ತುಂಬಿಕೊಂಡು ಬಂದ ತಾಯಿ ಕುರಿಗೆ ಮರಿಯ ದನಿ ಕೇಳಿದ ಮೇಲೆ ಯಜಮಾನ ಯಾರು, ಮಾತು ಕೊಟ್ಟವರು ಯಾರು? ಮುಂದಿದ್ದ ತಾಯಿಕುರಿಗಳು ತಿರುಗಿದವು. ಅವು ತಿರುಗಿದ್ದಕ್ಕೆ ಉಳಿದವೂ ತಿರುಗಿದವು. ಮರುಳಸಿದ್ದಪ್ಪ ಕೋಲು ಅಡ್ಡ ಹಿಡಿದ. ಮಂದೆ ಅವನ ಎಡಕ್ಕೂ ಬಲಕ್ಕೂ ಹರಿದು, ಧೂಳೆಬ್ಬಿಸಿಕೊಂಡು ಏರಿಯ ಕಡೆ ಓಡಿತು. ಟಗರು ಕೂಡ ಹೋಯಿತು, ಅದಕ್ಕೆ ಅಲ್ಲಿ ಏನು ಕೆಲಸವೋ. ಬಾಗಿಲು ತೆರೆದ ಖಾಲಿ ಹಟ್ಟಿಯ ಮುಂದೆ ಮರುಳಸಿದ್ದಪ್ಪ ಒಬ್ಬನೇ ನಿಂತಿದ್ದ. ಅವನನ್ನು ನೋಡಿ ಸಿದ್ದುವಿಗೆ ನಗು ತಡೆಯಲಾಗಲಿಲ್ಲ, ಆದರೆ ಅಪ್ಪನ ಕಡೆ ಬೆನ್ನು ಹಾಕಿ ನಕ್ಕ.

ಮರುಳಸಿದ್ದಪ್ಪ ಮಂದೆಯ ಹಿಂದೆ ಬೈಯುತ್ತಾ ಹೊರಟ. ಅರ್ಧ ದಾರಿಯಲ್ಲಿ ಬೈಗುಳ ನಿಂತಿತು. ಏರಿಯ ಆಚೆ, ಮೂಡಲಲ್ಲಿ, ಆಕಾಶ ಕಪ್ಪಗಾಗಿತ್ತು. ಅವನು ಬಗ್ಗಿ ಒಂದು ಹಿಡಿ ಮಣ್ಣು ತೂರಿದ. ಮಣ್ಣು ನೇರ ಕೆಳಗೆ ಬಿತ್ತು. ಇನ್ನೂ ಗಾಳಿ ಇರಲಿಲ್ಲ. ಆದರೆ ದೂರದಲ್ಲಿ ತೆಂಗಿನ ಮರಗಳು ಪಡುವಲಿಗೆ ಬಾಗುವುದು ಕಂಡಿತು. ಅವನು ಓಡಿದ. ಸಿದ್ದು, ಅವನು, ಅಜ್ಜಮ್ಮ ಮೂವರೂ ಸೇರಿ ಮಂದೆಯನ್ನು ಏರಿಯ ಬುಡಕ್ಕೆ ಒತ್ತಿ ನಿಲ್ಲಿಸಿ, ಮಿಕ್ಕಿದ್ದ ಬಲೆ ಸುತ್ತಿದರು. ಗುಡುಗು ಕೇಳಿಸಿದ ಕೂಡಲೇ ರಕ್ಷಾ ಮೂವರನ್ನೂ ಗೋದಾಮಿನೊಳಗೆ ಎಳೆದುಕೊಂಡಳು.

ಆಮೇಲೆ ಬಂತು ನೋಡಿ ಗಾಳಿ. ಒಂದೇ ಸಮ ಬೀಸಲಿಲ್ಲ. ಬಂತು, ಬಿಟ್ಟಿತು, ಮತ್ತೆ ಬಂತು. ಎರಡನೆಯ ಹೊಡೆತಕ್ಕೆ ಹುಣಸೆ ಮರದ ದೊಡ್ಡ ಕೊಂಬೆ ಸಿಗಿದು ಬಿದ್ದ ಸದ್ದು ಕೇಳಿಸಿತು. ಮಳೆ ಅಡ್ಡಡ್ಡ ಹೊಡೆಯಿತು. ಅಜ್ಜಮ್ಮ ಬಾಗಿಲ ಸಂದಿಯಿಂದ ಏರಿಯ ಬುಡವನ್ನೇ ನೋಡುತ್ತಿದ್ದಳು. ಏರಿಯ ಮೇಲಿನ ಹುಲ್ಲು ನೆಲಕ್ಕೆ ಒರಗಿತ್ತು. ಅದರ ಕೆಳಗೆ ಕುರಿಗಳು ತಲೆ ತಗ್ಗಿಸಿ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನೆನೆದಿದ್ದವು, ಆದರೆ ಓಡಲಿಲ್ಲ. ಗಾಳಿ ಅವುಗಳ ತಲೆಯ ಮೇಲಿನಿಂದ ಹಾರಿ ಹೋಗುತ್ತಿತ್ತು.

ಮಳೆ ನಿಂತು ಗುಡುಗು ದೂರ ಹೋದಮೇಲೆ ಅಜ್ಜಮ್ಮ ಮೊದಲು ಮರಿಗಳ ತಟ್ಟಿಗೆ ಹೋದಳು. ಒಂದೊಂದರ ಮೈ ಮುಟ್ಟಿ ನೋಡಿದಳು, ಒದ್ದೆಯಾದವನ್ನು ಕಂಬಳಿಯಿಂದ ಒರೆಸಿದಳು. ಎಲ್ಲವೂ ಇದ್ದವು. ಒಂದಂತೂ ಯಾರದ್ದೋ ತಾಯಿಯ ಹಾಲು ಕದಿಯುತ್ತಿತ್ತು. ಅವಳು ಅಲ್ಲೇ ಕೆಸರಿನಲ್ಲಿ ಕೂತು ಅತ್ತಳು. ಹೋದ ವರ್ಷದ ಅಳುವೂ ಅದರಲ್ಲಿ ಸೇರಿತ್ತು.

ಮರುಳಸಿದ್ದಪ್ಪ ಪಡುವಲ ಬೇಲಿಗೆ ಹೋಗಿದ್ದ. ಅವನು ಕಟ್ಟಿದ ಹಟ್ಟಿ ಅಲ್ಲಿರಲಿಲ್ಲ. ಗೂಟಗಳು ಕಿತ್ತುಬಂದು, ಬಲೆ ಮುಳ್ಳಿನ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಅದರೊಳಗೆ ಏನೇನು ಇರಬಹುದಾಗಿತ್ತು ಅನ್ನುವುದನ್ನು ನೋಡುತ್ತಾ ಅವನು ಬಹಳ ಹೊತ್ತು ನಿಂತ. ವಾಪಸು ಬಂದು ಹೆಂಡತಿಯ ಪಕ್ಕ ಕೂತ.

"ನಮ್ಮಪ್ಪ ಸುಳ್ಳು ಹೇಳಿಲ್ಲ ಅಜ್ಜಮ್ಮ" ಅಂದ. "ಅವನು ಹೇಳಿದ್ದು ಆ ಊರಿಗೆ. ನಾನು ಅದನ್ನ ಇಲ್ಲಿಗೆ ಹೊತ್ಕೊಂಡು ಬಂದೆ. ಸಾಸ್ವೆಹಳ್ಳಿಗೂ ಹೊತ್ಕೊಂಡು ಹೋಗಿದ್ದೆ."

ಅಜ್ಜಮ್ಮ ಒಂದು ಮರಿಯನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು. "ಒರೆಸ್ರಿ. ಚಳಿಯಾಗೈತೆ ಅದಕ್ಕೆ."

ಮಾರನೆಯ ದಿನ ಮಧ್ಯಾಹ್ನ ಫೋನ್ ನೋಡಿದವನು ಮರುಳಸಿದ್ದಪ್ಪನೇ. ತನ್ನ ಜಾಗದ್ದು ನೋಡಿ ಆದಮೇಲೆ, ರಕ್ಷಾಳಿಂದ ಚನ್ನಗಿರಿಯದ್ದೂ ತೆಗೆಸಿದ. ಅಲ್ಲಿ ಅಜ್ಜಮ್ಮನ ಅಣ್ಣ ಅಂಜಿನಪ್ಪ ಮಂದೆ ನಿಲ್ಲಿಸಿದ್ದ. ಹೊಡೆತ ಐವತ್ತೈದು, ಪೂರ್ವದಿಂದ, ಅಂತ ಇತ್ತು. ಕೂಡಲೇ ಅವನಿಗೆ ಫೋನ್ ಮಾಡಿ, ಹಟ್ಟಿ ಮರೆಗೆ ಸಾಗಿಸು ಅಂದ.

"ಭಾವ, ಇಲ್ಲಿ ಒಂದು ಎಲೆ ಅಲ್ಲಾಡ್ತಿಲ್ಲ. ನಿಮಗೇನು ಬಿಸಿಲು ತಲೆಗೆ ಏರೈತಾ" ಅಂತ ನಕ್ಕ ಅಂಜಿನಪ್ಪ.

"ಇದು ನನ್ನ ಮಾತಲ್ಲ ಕಣಯ್ಯ, ನಿನ್ನ ತಂಗಿ ಮಾತು. ಗಾಳಿ ವಿಷಯದಾಗೆ ಅವಳು ಹೇಳಿದ ಮೇಲೆ ನಮ್ಮ ಮಂದೇಲಿ ಎರಡನೇ ಮಾತಿಲ್ಲ. ತಗಾ, ಅವಳ ಹತ್ರಾನೇ ಕೇಳು."

ಅಜ್ಜಮ್ಮ ಫೋನ್ ತೆಗೆದುಕೊಂಡಳು. "ಅಣ್ಣ, ನಿನ್ನ ಹಟ್ಟಿಗೆ ಮೂಡಲಲ್ಲಿ ಏನು ಮರೆ ಐತೆ? ಪಡುವಲಲ್ಲಿ ಬೇಲಿ ಐತಾ? ಹಂಗಾದ್ರೆ ಅಲ್ಲಿಂದ ಎಬ್ಬಿಸು. ಗೂಟ ಉದ್ದ ಇಳಿಸು. ಮರದ ಕೆಳಗೆ ಬೇಡ. ಅತ್ತಿಗೆಗೆ ಹೇಳು, ಮರಿಗಳನ್ನ ಮೊದಲು ಸಾಗಿಸಲಿ, ದೊಡ್ಡವು ತಾವೇ ಬರ್ತಾವೆ." ಪಕ್ಕದಲ್ಲಿ ಮರುಳಸಿದ್ದಪ್ಪ ಮೀಸೆಯ ಮೇಲೆ ಕೈಯಾಡಿಸುತ್ತಾ, ತಾನೇ ಆ ಮಾತು ಕಲಿಸಿದವನ ಹಾಗೆ ತಲೆ ಅಲ್ಲಾಡಿಸುತ್ತಿದ್ದ.

ಅಂಜಿನಪ್ಪ ತಂಗಿಯ ಮಾತು ಮೀರಲಿಲ್ಲ. ಆದರೆ ಆ ಸಂಜೆ ಚನ್ನಗಿರಿಯ ಆ ಬಯಲಿಗೆ ಗಾಳಿ ಬರಲೇ ಇಲ್ಲ. ಮೋಡ ಬಂದದ್ದು ಬೇರೆ ದಿಕ್ಕಿಗೆ ಹೋಯಿತು. ಅವನು ಬೆಳಿಗ್ಗೆಯೇ ಫೋನ್ ಮಾಡಿದ.

"ಏನಮ್ಮ ತಂಗಿ, ನಿನ್ನ ಗಾಳಿ ದಾರಿ ತಪ್ತಾ? ಗೂಟ ಹೊಡೆದು ಹೊಡೆದು ನನ್ನ ರಟ್ಟೆ ಬಿದ್ದುಹೋಗೈತೆ."

ಮರುಳಸಿದ್ದಪ್ಪ ಅಜ್ಜಮ್ಮನ ಕೈಯಿಂದ ಫೋನ್ ಕಿತ್ತುಕೊಂಡ.

"ಅಂಜಿನಪ್ಪ, ಹೋಗಿ ನಿನ್ನ ಮರಿ ಎಣಿಸಿಕೊಂಡು ಬಾ. ನಾನು ಲೈನಲ್ಲೇ ಇರ್ತೀನಿ."

ಸ್ವಲ್ಪ ಹೊತ್ತು ಆಚೆ ಕಡೆ ಮರಿಗಳ ಕೂಗಷ್ಟೇ ಕೇಳಿಸಿತು.

"ಎಲ್ಲಾ ಅವೆ ಭಾವ."

"ಎಲ್ಲಾ ಅವೆ ತಾನೆ? ಮತ್ತೆ ಇನ್ನೇನು ಬೇಕು ನಿನಗೆ. ರಟ್ಟೆಗೆ ಎಣ್ಣೆ ಹಚ್ಚಿಕೊ. ಇವತ್ತಿನ ಗಾಳಿ ನೋಡು."

ಓದುವವರೇ, ಕೇಳುವವರೇ, ಈಗ ನಿಮ್ಮ ಸರದಿ. ಕುರಿ ನಿಲ್ಲಿಸುವವರಿರಲಿ, ಔಷಧಿ ಹೊಡೆಯುವವರಿರಲಿ, ಮದುವೆಗೆ ಶಾಮಿಯಾನ ಕಟ್ಟುವವರಿರಲಿ, ತಗಡಿನ ಕೆಳಗೆ ಮಕ್ಕಳನ್ನು ಮಲಗಿಸುವವರಿರಲಿ, ನಿಮ್ಮ ಫೋನನ್ನು ಈಗಲೇ ತೆಗೆದು ನೋಡಿ, ಅದು ಯಾವ ಊರಿನ ಗಾಳಿ ಹೇಳುತ್ತಿದೆ. ನೀವಿರುವ ಊರಿನದಾಗಿರಲಿ. ವೇಗ ಓದಿ ನಿಲ್ಲಿಸಬೇಡಿ, ಹೊಡೆತವನ್ನೂ ಓದಿ. ಗಾಳಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ತಿಳಿದು, ಆ ಕಡೆಗೆ ಮರೆ ಇರುವ ಜಾಗ ಹುಡುಕಿ. ಗುಡುಗು ಕೇಳಿದರೆ ಮರದ ಕೆಳಗೆ ನಿಲ್ಲದೆ ಗಟ್ಟಿ ಕಟ್ಟಡದ ಒಳಗೆ ಹೋಗಿ. ಫೋನ್ ಇಲ್ಲದಿದ್ದರೆ ರೇಡಿಯೋ ಕೇಳಿ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ನಿಮ್ಮೂರ ಕೃಷಿ ಸಖಿಯನ್ನು ಕೇಳಿ. ಗಾಳಿ ಬಂದಾಗ ತೂರಿಕೋ ಅಂದರು ಹಿರಿಯರು, ಒಳ್ಳೆಯ ಮಾತು. ಬರುವ ಮುಂಚೆ ತಿಳಿದುಕೊಂಡವರು ತೂರಿಕೊಳ್ಳಲೂ ಬಲ್ಲರು, ಉಳಿಸಿಕೊಳ್ಳಲೂ ಬಲ್ಲರು. ನಾಳೆ ಬೆಳಿಗ್ಗೆ ನಿಮ್ಮ ಮನೆಯಲ್ಲೂ ಯಾರಾದರೂ ಎಣಿಸಿ ನೋಡಿ "ಎಲ್ಲಾ ಅವೆ" ಅನ್ನಲಿ.